ಕಾಸ್ಟೆಲ್ ಊರಿನ ಪೀಪಾಯಿ ಹಲಗೆ: ನಾಲ್ಕು ಚೌಕದ ಲಾಂಛನದ ರಿಪೇರಿ

ಹಲಗೆ ದುಂಡಗಿದೆ. ಅಡ್ಡಳತೆ 62 ಸೆಂ.ಮೀ., ದಪ್ಪ 3 ಸೆಂ.ಮೀ.ಗೆ ಸ್ವಲ್ಪ ಕಡಿಮೆ. ಹಳೆಯ ವೈನ್ ಪೀಪಾಯಿಯ ಮುಚ್ಚಳ ಅದು. ಐದು ಓಕ್ ಹಲಗೆಗಳನ್ನು ಉದ್ದುದ್ದಕ್ಕೆ ನಿಲ್ಲಿಸಿ ಜೋಡಿಸಿದ್ದಾರೆ. ನಡುವೆ ತೆಳುವಾಗಿ ಕೆತ್ತಿದ ಒಂದು ಗುರಾಣಿ. ಗುರಾಣಿಯೊಳಗೆ ಕೆಂಪು ಬಿಳಿ ನಾಲ್ಕು ಚೌಕ. ಕೆಳಗೆ ಒಂದು ದ್ರಾಕ್ಷಿ ಗೊಂಚಲು. ನನ್ನ ಕೈಗೆ ಬಂದಾಗ ಬಿಳಿ ಚೌಕಗಳು ಚಹಾ ಚೆಲ್ಲಿದ ಪಂಚೆಯ ಹಾಗೆ ಕಂದು ಬಣ್ಣಕ್ಕೆ ತಿರುಗಿದ್ದವು. ಕೆಂಪು ಬಣ್ಣ ಸಿಪ್ಪೆ ಎದ್ದಿತ್ತು. ಒಂದು ಹಲಗೆ ಮೇಲಿಂದ ಅರ್ಧದವರೆಗೆ ಸೀಳಿತ್ತು. ಗೊಂಚಲು ಪೂರ್ತಿ ಕಪ್ಪು.

ಊರಿನ ಹೆಸರು ಕಾಸ್ಟೆಲ್. ಜರ್ಮನಿಯ ಫ್ರಾಂಕೋನಿಯಾ ಸೀಮೆಯಲ್ಲಿ, ನಾನಿರುವ ವ್ಯೂರ್ಟ್ಸ್‌ಬುರ್ಗ್‌ನಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ಸ್ಟೈಗರ್‌ವಾಲ್ಡ್ ಕಾಡು ಇಳಿದು ಬಯಲು ಶುರುವಾಗುವ ಕಡೆ ಈ ಊರು ಕೂತಿದೆ. ಸಾವಿರ ಜನ ಕೂಡ ಇಲ್ಲ. ಮೇಲೆ ಗುಡ್ಡ, ಗುಡ್ಡದ ತುಂಬಾ ದ್ರಾಕ್ಷಿ. ಅಲ್ಲಿನ ಮಣ್ಣಿನಲ್ಲಿ ಜಿಪ್ಸಮ್ ಇದೆ. ಗುಡ್ಡದ ಹೆಸರು ಶ್ಲಾಸ್‌ಬರ್ಗ್, ಅಂದರೆ ಕೋಟೆ ಗುಡ್ಡ. ಕೋಟೆ ಮಾತ್ರ ಈಗ ಇಲ್ಲ, ಅದರ ಮೆಟ್ಟಿಲು ಗೋಪುರ ಒಂದು ಉಳಿದಿದೆ.

ಹಲಗೆಯ ಯಜಮಾನರು ಸಣ್ಣ ಬೆಳೆಗಾರರು. ಸ್ವಂತ ದ್ರಾಕ್ಷಿ, ಸ್ವಂತ ವೈನ್, ಸ್ವಂತ ಅಂಗಳ. ವರ್ಷದಲ್ಲಿ ಕೆಲವು ತಿಂಗಳು ಅಂಗಳದಲ್ಲೇ ಬೆಂಚು ಹಾಕಿ ವೈನ್ ಮಾರುತ್ತಾರೆ. ಇದಕ್ಕೆ ಇಲ್ಲಿ ಹೆಕ್ಕೆನ್‌ವಿರ್ಟ್‌ಶಾಫ್ಟ್ ಅಂತಾರೆ. ಹೋಟೆಲ್ ಲೈಸೆನ್ಸ್ ಬೇಡ, ಆದರೆ ಮಿತಿ ಇದೆ: ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಹೆಚ್ಚು ತೆರೆಯುವಂತಿಲ್ಲ, 40ಕ್ಕಿಂತ ಹೆಚ್ಚು ಜನಕ್ಕೆ ಜಾಗ ಹಾಕುವಂತಿಲ್ಲ. ಹಲಗೆ ಅಂಗಳದ ಗೇಟಿನ ಮೇಲೆ ಇತ್ತು. ಮುಂದಿನ ಸಲ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾದರೆ ಸಾಕು ಅಂದರು. ಕೂಲಿ ಬೇಡ ಅಂದೆ. ಸಿಲ್ವಾನರ್ ಅನ್ನುವ ದ್ರಾಕ್ಷಿ ತಳಿಯ ಬಿಳಿ ವೈನ್ ಬಾಟಲಿಗಳ ಒಂದು ಪೆಟ್ಟಿಗೆ ಮುಂಗಡವಾಗಿಯೇ ಕಾರಿನಲ್ಲಿ ಇಟ್ಟರು.

ಆ ಸಿಲ್ವಾನರ್‌ಗೂ ಈ ಊರಿಗೂ ಹಳೆಯ ನಂಟು. 1659ರ ಏಪ್ರಿಲ್‌ನಲ್ಲಿ, ಓಬರ್‌ಐಸೆನ್‌ಹೈಮ್ ಅನ್ನುವ ಊರಿಂದ 25 ‘ಆಸ್ಟ್ರಿಯಾ ಬಳ್ಳಿ’ಗಳನ್ನು ತರಿಸಿ ಇಲ್ಲಿ ನೆಟ್ಟರು ಅಂತ ಕಾಸ್ಟೆಲ್ ದಾಖಲೆಯಲ್ಲಿದೆ. ಜರ್ಮನಿಯಲ್ಲಿ ಸಿಲ್ವಾನರ್ ನೆಟ್ಟ ಬಗ್ಗೆ ಸಿಗುವ ಅತಿ ಹಳೆಯ ದಾಖಲೆ ಅಂತ ಅದನ್ನೇ ತೋರಿಸುತ್ತಾರೆ. ಆಸ್ಟ್ರಿಯಾ ಅನ್ನೋದು ಸುಮ್ನೆ ಅಲ್ಲ. ಈ ತಳಿ ಟ್ರಾಮಿನರ್ ಮತ್ತು ಆಸ್ಟ್ರಿಯಾದ ಒಂದು ಹಳೆ ಬಿಳಿ ತಳಿ ಸೇರಿ ಹುಟ್ಟಿದ್ದು ಅಂತ ಡಿಎನ್ಎ ಪರೀಕ್ಷೆಯಲ್ಲಿ ಗೊತ್ತಾಗಿದೆ.

ಬಳ್ಳಿ ತರಿಸಿದ್ದು ಕಾಸ್ಟೆಲ್ ಕೌಂಟ್‌ಗಳ, ಅಂದರೆ ಈ ಸೀಮೆ ಆಳುತ್ತಿದ್ದ ಮನೆತನದ, ಆಡಳಿತ. ಊರಿಗೂ ಮನೆತನಕ್ಕೂ ಒಂದೇ ಹೆಸರು. ಊರಿನ ಹೆಸರು 816ರ ದಾಖಲೆಯಲ್ಲೇ ಬರುತ್ತದೆ. 1806ರಲ್ಲಿ ಬವೇರಿಯಾ ಈ ಪುಟ್ಟ ಸೀಮೆಯನ್ನು ನುಂಗಿಕೊಂಡಿತು. 1901ರಲ್ಲಿ ಮನೆತನಕ್ಕೆ ಪ್ರಿನ್ಸ್ ಪದವಿ ಬಂತು. ಇವತ್ತಿಗೂ ಅವರ ದ್ರಾಕ್ಷಿ ತೋಟ ಇದೆ, 1774ರಲ್ಲಿ ಶುರುವಾದ ಬ್ಯಾಂಕೂ ಇದೆ. ಲಾಂಛನ ತುಂಬಾ ಸರಳ: ಗುರಾಣಿಯನ್ನು ನಾಲ್ಕು ಪಾಲು ಮಾಡಿ, ಮೇಲಿನ ಸಾಲಿನಿಂದ ಕೆಂಪು, ಬೆಳ್ಳಿ, ಬೆಳ್ಳಿ, ಕೆಂಪು (ಲಾಂಛನದಲ್ಲಿ ಬೆಳ್ಳಿ ಅಂದರೆ ಬಿಳಿ). ಸಿಂಹ ಇಲ್ಲ, ಹದ್ದು ಇಲ್ಲ, ಕಿರೀಟ ಕೂಡ ಹಲಗೆಯಲ್ಲಿ ಇಲ್ಲ. ಇಷ್ಟು ಸುಲಭದ ಚಿತ್ರವನ್ನು ಯಾರು ಕೆಡಿಸಲು ಸಾಧ್ಯ ಅಲ್ವಾ? ಕೆಡಿಸಿದ್ದರು. ಅದು ಮುಂದೆ ಬರುತ್ತದೆ.

ಒಂದು ವಿಷಯ ಕೆಲಸಕ್ಕೆ ಮೊದಲೇ ವಿಚಾರಿಸಿದೆ. ಬವೇರಿಯಾದಲ್ಲಿ ಊರಿನ ಅಧಿಕೃತ ಲಾಂಛನವನ್ನು ಬೇರೆಯವರು ಬಳಸಬೇಕಾದರೆ ಆ ಊರಿನ ಪಂಚಾಯಿತಿಯ ಒಪ್ಪಿಗೆ ಬೇಕು. ಮನೆತನದ ಲಾಂಛನ ಮನೆತನದ ಆಸ್ತಿ. ಹೊಸದಾಗಿ ಬರೆದು ವ್ಯಾಪಾರಕ್ಕೆ ನೇತುಹಾಕುವ ಹಾಗಿಲ್ಲ. ಇದು ಅಜ್ಜನ ಕಾಲದಿಂದ ನೇತಾಡುತ್ತಿರುವ ಹಲಗೆ, ಇದ್ದದ್ದನ್ನು ಇದ್ದ ಹಾಗೆ ಉಳಿಸುವ ಕೆಲಸ. ಹಾಗಾಗಿ ತಕರಾರಿಲ್ಲ. ಆದರೆ ‘ಇದ್ದ ಹಾಗೆ’ ಅಂದರೆ ಹೇಗೆ ಅನ್ನುವುದೇ ಈ ಕೆಲಸದ ದೊಡ್ಡ ಪ್ರಶ್ನೆ ಆಯಿತು.

ಹಿಂಭಾಗ

ಮೊದಲು ಹಲಗೆಯನ್ನು ತಿರುಗಿಸಿ ನೋಡಿದೆ. ಮುಂಭಾಗದ ರೋಗಗಳೆಲ್ಲ ಹಿಂಭಾಗದಿಂದ ಬಂದಿದ್ದವು.

ಪೀಪಾಯಿ ಮಾಡುವವರು ಮುಚ್ಚಳದ ಹಲಗೆಗಳನ್ನು ಅಂಟು ಹಾಕಿ ಕೂಡಿಸುವುದಿಲ್ಲ. ಪಕ್ಕಪಕ್ಕದ ಹಲಗೆಗೆ ಮರದ ಗೂಟ ಹೊಡೆದು, ನಡುವೆ ಒಣಗಿದ ಜೊಂಡು ಹುಲ್ಲು ಇಟ್ಟು ಒತ್ತುತ್ತಾರೆ. ವೈನ್ ತಾಗಿದಾಗ ಮರವೂ ಹುಲ್ಲೂ ಉಬ್ಬಿ ಸಂದು ಮುಚ್ಚುತ್ತದೆ. ಇಲ್ಲೂ ಹಾಗೇ ಇತ್ತು. ಜೊಂಡು ಇನ್ನೂ ಗಟ್ಟಿಯಾಗಿತ್ತು. ಯಾರೋ ಆಮೇಲೆ ಹಿಂದೆ ಎರಡು ಪೈನ್ ಪಟ್ಟಿ ಅಡ್ಡ ಇಟ್ಟು, ಐದೂ ಹಲಗೆಗೆ ಕಬ್ಬಿಣದ ಸ್ಕ್ರೂ ಬಿಗಿದಿದ್ದಾರೆ. ಸೀಳಿಗೆ ಕಾರಣ ಅದೇ.

ಓಕ್ ಮರ ಒದ್ದೆಯಾದರೆ ಅಗಲವಾಗುತ್ತದೆ, ಒಣಗಿದರೆ ಕಿರಿದಾಗುತ್ತದೆ. ಉದ್ದ ಬಹುತೇಕ ಬದಲಾಗುವುದಿಲ್ಲ. ಪೀಪಾಯಿಗೆ ಬಳಸುವ ಓಕನ್ನು ದಿಮ್ಮಿಯ ತಿರುಳಿನಿಂದ ಹೊರಗಡೆಗೆ ಸೀಳಿ ತೆಗೆಯುತ್ತಾರೆ. ಹಾಗೆ ತೆಗೆದ ಹಲಗೆಯಲ್ಲಿ ಹೊಳೆಯುವ ಅಡ್ಡ ಮಚ್ಚೆಗಳು ಕಾಣುತ್ತವೆ, ಹಿಗ್ಗು ಕುಗ್ಗು ಸಾಮಾನ್ಯ ಹಲಗೆಯ ಅರ್ಧದಷ್ಟೇ. ಆದರೂ ಈ ಅಳತೆಯ ಮುಚ್ಚಳ ಒಂದು ವರ್ಷದಲ್ಲಿ ಅರ್ಧ ಸೆಂ.ಮೀ. ಆಚೀಚೆ ಆಗುತ್ತದೆ. ಸ್ಕ್ರೂ ಬಿಡದಿದ್ದರೆ ಎಲ್ಲೋ ಒಂದು ಕಡೆ ಸೀಳಲೇಬೇಕು.

ಕಬ್ಬಿಣದ ಇನ್ನೊಂದು ಕಾಟ ಬಣ್ಣ. ಓಕ್‌ನಲ್ಲಿ ಒಗರು ಜಾಸ್ತಿ, ಅದೇ ಟ್ಯಾನಿನ್. ಕಬ್ಬಿಣ, ನೀರು, ಟ್ಯಾನಿನ್ ಸೇರಿದರೆ ಶಾಯಿ ಕಪ್ಪು. ಪ್ರತಿ ಸ್ಕ್ರೂ ಸುತ್ತಲೂ ಮರ ಕಪ್ಪಾಗಿ, ಕೆಲವು ಕಡೆ ಮುಂಭಾಗದವರೆಗೆ ಬಂದಿತ್ತು.

ಸ್ಕ್ರೂ ತೆಗೆಯುವುದೇ ಒಂದು ರಗಳೆ. ತಲೆ ತುಕ್ಕು ಹಿಡಿದು ಸವೆದಿತ್ತು. ಸೋಲ್ಡರಿಂಗ್ ಕಡ್ಡಿಯ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಒಂದೆರಡು ನಿಮಿಷ ಒತ್ತಿ ಹಿಡಿದು, ಬಿಸಿ ಆರಿದ ಮೇಲೆ ತಿರುಗಿಸಿದರೆ ಹೆಚ್ಚಿನವು ಬಂದವು. ಬಾರದ್ದನ್ನು ಟೊಳ್ಳು ಬೈರಿಗೆಯಿಂದ ಸುತ್ತ ಕೊರೆದು ತೆಗೆದು, ಓಕ್ ಗೂಟ ಹಾಕಿ ಮುಚ್ಚಿದೆ. ಕಪ್ಪು ಕಲೆಗೆ ಆಕ್ಸಾಲಿಕ್ ಆಮ್ಲದ ಬಿಸಿ ದ್ರಾವಣ ಹಚ್ಚಿದೆ. ಕೈಗವಸು ಹಾಕಿಕೊಳ್ಳಲೇಬೇಕು, ಇದು ವಿಷ. ಕಲೆ ತಿಳಿಯಾದ ಮೇಲೆ ಚೆನ್ನಾಗಿ ನೀರಲ್ಲಿ ತೊಳೆಯಬೇಕು. ತೊಳೆಯದೆ ಒಣಗಿಸಿ ಉಜ್ಜಿದರೆ ಅದರ ಪುಡಿ ಮೂಗು ಗಂಟಲು ಸುಡುತ್ತದೆ.

ಸೀಳಿದ ಹಲಗೆ ಇನ್ನೂ ಒಂದೇ ತುಂಡಾಗಿತ್ತು. ಸಂದಿನಲ್ಲಿ ಕೂತ ಹಳೆ ಪುಟ್ಟಿಯನ್ನು ಸೂಜಿಯಿಂದ ಕೆದರಿ ತೆಗೆದು, ನೀರಿಗೆ ಬಿಡದ ಡಿ4 ದರ್ಜೆಯ ಮರದ ಅಂಟನ್ನು ಸಿರಿಂಜ್‌ನಿಂದ ಒಳಗೆ ಬಿಟ್ಟು, ಬೆಲ್ಟ್ ಕ್ಲ್ಯಾಂಪ್ ಹಾಕಿ ಬಿಗಿದಿಟ್ಟೆ. ಸೀಳು ಮುಚ್ಚಿಕೊಂಡಿತು. ಹಲಗೆ ಹಲಗೆಯ ನಡುವೆ ಮಾತ್ರ ಅಂಟಿನ ಹನಿಯೂ ಬೀಳದಂತೆ ನೋಡಿಕೊಂಡೆ. ಅಲ್ಲಿ ಗೂಟ ಮತ್ತು ಜೊಂಡು ಸಾಕು, ಅವುಗಳ ಕೆಲಸ ಅವಕ್ಕೆ ಗೊತ್ತು.

ಸೀಸ

ಹಳೆಯ ಬಣ್ಣ ಅಂದ ಕೂಡಲೇ ಸ್ಯಾಂಡ್‌ಪೇಪರ್ ಎತ್ತಿಕೊಳ್ಳಬಾರದು. ಅಜ್ಜನ ಕಾಲದ ಬಿಳಿ ಅಂದರೆ ಸೀಸದ ಬಿಳಿ ಇರುವ ಸಾಧ್ಯತೆ ಹೆಚ್ಚು. ಅದರ ಪುಡಿ ಉಸಿರಲ್ಲಿ ಹೋದರೆ ಮೈಗೆ ಸೇರುತ್ತದೆ.

ಸೀಸ ಪತ್ತೆ ಮಾಡುವ ಕಿಟ್ ಅಂಗಡಿಯಲ್ಲಿ ಎರಡು ಬಗೆ. ಒಂದು ಸೀಸ ಕಂಡರೆ ಗುಲಾಬಿ ಕೆಂಪಾಗುತ್ತದೆ. ಇನ್ನೊಂದು ಗಂಧಕದ ಲವಣದ್ದು, ಸೀಸ ಕಂಡರೆ ಕಪ್ಪಾಗುತ್ತದೆ. ಕೆಂಪು ಬಣ್ಣದ ಮೇಲೆ ಮೊದಲನೆಯದು ಕೆಲಸಕ್ಕೆ ಬಾರದು, ಕಿಟ್‌ನ ಹತ್ತಿಗೆ ಅಂಟಿದ್ದು ಸೀಸದ ಕೆಂಪೋ ಬಣ್ಣದ ಕೆಂಪೋ ಹೇಳುವುದು ಹೇಗೆ? ಕೆಂಪಿಗೆ ಕಪ್ಪಾಗುವ ಕಿಟ್, ಬಿಳಿಗೆ ಗುಲಾಬಿಯಾಗುವ ಕಿಟ್ ತಂದೆ. ಬಣ್ಣದಲ್ಲಿ ಓರೆಯಾಗಿ ಒಂದು ಸಣ್ಣ ಕೊಯ್ತ ಕೊಯ್ದರೆ ಎಲ್ಲ ಪದರಗಳೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅಲ್ಲಿ ಪರೀಕ್ಷೆ ಮಾಡಬೇಕು. ಮೇಲಿನ ಪದರ ಇತ್ತೀಚಿನದು, ಸೀಸ ಇಲ್ಲ. ಕೆಳಗಿನ ಬಿಳಿ ಗುಲಾಬಿಯಾಯಿತು. ಕೆಳಗಿನ ಕೆಂಪಿನ ಅಡಿಯಲ್ಲಿ ಕಿತ್ತಳೆ ಬಣ್ಣದ ಒಂದು ಪದರ ಇತ್ತು, ಅದು ತಕ್ಷಣ ಕಪ್ಪಾಯಿತು. ಸೀಸದ ಕೆಂಪು.

ಹಾಗಾಗಿ ಒಣ ಉಜ್ಜಾಟ ಇಲ್ಲ. ಎಫ್‌ಎಫ್‌ಪಿ3 ಮಾಸ್ಕ್, ಕೆಳಗೆ ಪ್ಲಾಸ್ಟಿಕ್ ಹಾಳೆ, ಬಣ್ಣಕ್ಕೆ ನೀರು ಸಿಂಪಡಿಸುತ್ತಾ ಉಕ್ಕಿನ ಪಟ್ಟಿಯಿಂದ ಕೆರೆಯುವುದು. ಹೊಸ ಪದರ ಹಾಳೆಯಂತೆ ಎದ್ದು ಬಂತು. ಹಳೆಯ ಪದರದಲ್ಲಿ ಸಡಿಲವಾದದ್ದನ್ನು ಮಾತ್ರ ತೆಗೆದೆ. ಗಟ್ಟಿ ಹಿಡಿದಿದ್ದನ್ನು ಬಿಟ್ಟೆ, ಹೊಸ ಬಣ್ಣದ ಅಡಿಯಲ್ಲಿ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಕೆರೆದ ಕಸವನ್ನು ಒದ್ದೆ ಇರುವಾಗಲೇ ಡಬ್ಬಿಗೆ ತುಂಬಿ ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಟ್ಟೆ.

ಗೀರುಗಳು

ಇಲ್ಲಿ ವಿಷಯ ತಿರುಗಿತು.

ನನ್ನ ಕೈಗೆ ಬಂದ ಹಲಗೆಯಲ್ಲಿ, ನೋಡುವವರ ಎಡಗಡೆ ಮೇಲಿನ ಚೌಕ ಬಿಳಿ, ಅದರ ಪಕ್ಕದ್ದು ಕೆಂಪು. ಕೆರೆಯುತ್ತಾ ಹೋದಾಗ ಆ ಬಿಳಿಯ ಅಡಿಯಲ್ಲಿ ಕೆಂಪು ಬಂತು. ಪಕ್ಕದ ಕೆಂಪಿನ ಅಡಿಯಲ್ಲಿ ಬೂದಿಯಾದ ಹಳೆ ಬಿಳಿ. ಕೆಳಗಿನ ಎರಡು ಚೌಕದಲ್ಲೂ ಹೀಗೇ ಉಲ್ಟಾ. ಯಾವುದೋ ಕಾಲದಲ್ಲಿ ಬಣ್ಣ ಬಳಿದವರು ನಾಲ್ಕೂ ಚೌಕಗಳನ್ನು ಅದಲು ಬದಲು ಮಾಡಿದ್ದಾರೆ.

ಲಾಂಛನದ ಲೆಕ್ಕದಲ್ಲಿ ಎಡ ಬಲ ಅಂದರೆ ಗುರಾಣಿ ಹಿಡಿದು ನಿಂತವನ ಎಡ ಬಲ. ಅವನ ಬಲ ನಮಗೆ ಎಡ. ಮೊದಲ ಸ್ಥಾನ ಅದೇ. ಕಾಸ್ಟೆಲ್ ಮನೆತನಕ್ಕೆ ಮೊದಲ ಸ್ಥಾನದಲ್ಲಿ ಕೆಂಪು. ಬಿಳಿ ಮೊದಲು ಬಂದರೆ ಅದು ಬೇರೆ ಲಾಂಛನ. ನಾಲ್ಕು ಚೌಕದ ಮನೆತನಗಳು ಬೇರೆಯೂ ಇವೆ. ನ್ಯೂರೆಂಬರ್ಗ್‌ನಲ್ಲಿ ಅಧಿಕಾರ ನಡೆಸಿದ ಹೊಹೆನ್‌ಜೊಲರ್ನ್ ಮನೆತನದ್ದೂ ನಾಲ್ಕು ಚೌಕವೇ: ಬೆಳ್ಳಿ, ಕಪ್ಪು, ಕಪ್ಪು, ಬೆಳ್ಳಿ. ಬಣ್ಣವೂ ಕ್ರಮವೂ ಬಿಟ್ಟರೆ ಇವನ್ನು ಗುರುತಿಸಲು ಬೇರೆ ಏನೂ ಇಲ್ಲ.

ಸಿಂಹದ ಲಾಂಛನ ಆಗಿದ್ದರೆ ಉಲ್ಟಾ ಆದದ್ದು ಯಾರಿಗಾದರೂ ಕಣ್ಣಿಗೆ ಹೊಡೆಯುತ್ತಿತ್ತು. ಸಿಂಹದ ಮುಖ ಆ ಕಡೆ ತಿರುಗಿದೆಯಲ್ಲ ಅಂತ ಮಗುವೂ ಹೇಳುತ್ತದೆ. ನಾಲ್ಕು ಚೌಕವನ್ನು ಕನ್ನಡಿಯಲ್ಲಿ ನೋಡಿ, ನಾಲ್ಕು ಚೌಕವೇ ಕಾಣುತ್ತದೆ. ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ನನಗೆ ಈ ಕೆಲಸದಲ್ಲಿ ಬಹಳ ಹಿಡಿಸಿದ್ದು ಇದೇ. ಚಿತ್ರ ಸರಳ ಆದಷ್ಟೂ ಕಾಯುವುದು ಕಷ್ಟ.

ಆದರೆ ಅವಸರದ ತೀರ್ಮಾನ ಬೇಡ ಅನ್ನಿಸಿತು. ಉಲ್ಟಾ ಇರುವುದಕ್ಕೆ ನ್ಯಾಯವಾದ ಕಾರಣವೂ ಇರಬಹುದು. ಜರ್ಮನ್ ಪದ್ಧತಿಯಲ್ಲಿ ಗಂಡ ಹೆಂಡತಿಯ ಲಾಂಛನಗಳನ್ನು ಜೋಡಿಯಾಗಿ ಇಡುವಾಗ, ಮೊದಲನೆಯದನ್ನು ಎರಡನೆಯದರ ಕಡೆಗೆ ತಿರುಗಿಸುತ್ತಾರೆ. ಮರ್ಯಾದೆ ಅದು, ಹೆಂಡತಿಗೆ ಬೆನ್ನು ಹಾಕಿ ನಿಲ್ಲಬಾರದು ಅಂತ. ಆಗ ಕನ್ನಡಿ ಚಿತ್ರ ಬರುತ್ತದೆ. ಇದೂ ಜೋಡಿ ಹಲಗೆಯಲ್ಲಿ ಒಂದೇ? ಯಜಮಾನರನ್ನು ಕೇಳಿದೆ.

“ಇನ್ನೊಂದು ಇರಲೇ ಇಲ್ಲ,” ಅಂದರು. “ನಮ್ಮ ತಾತ ಒಂದೇ ಮುಚ್ಚಳ ಉಳಿಸಿಕೊಂಡಿದ್ದು. ಉಳಿದ ಪೀಪಾಯಿ ಚಳಿಗಾಲದಲ್ಲಿ ಒಲೆಗೆ ಹೋಯ್ತು.”

“ಬಣ್ಣ ಬಳಿಸಿದ್ದು ಯಾವಾಗ?”

“ನಮ್ಮಪ್ಪ ಇದ್ದಾಗ. ಹಬ್ಬದ ಬಾವುಟ ನೋಡಿ ಬರೆದರು ಅಂತ ನೆನಪು.”

ಬಾವುಟ! ಬಾವುಟಕ್ಕೆ ಕೋಲಿನ ಪಕ್ಕವೇ ಮೊದಲ ಸ್ಥಾನ. ಒಂದು ಕಡೆಯಿಂದ ನೋಡಿದರೆ ಕೋಲು ಎಡಕ್ಕೆ, ಇನ್ನೊಂದು ಕಡೆಯಿಂದ ಬಲಕ್ಕೆ. ಬಟ್ಟೆಯ ಹಿಂಬದಿ ನೋಡಿದರೆ ಕೆಂಪು ನಮ್ಮ ಬಲಕ್ಕೆ ಬರುತ್ತದೆ, ಬಾವುಟದ ಲೆಕ್ಕದಲ್ಲಿ ಅದೂ ಸರಿಯೇ. ಅದನ್ನು ಹಾಗೇ ಹಲಗೆಗೆ ಇಳಿಸಿದರೆ ಕೋಲು ಇಲ್ಲದ ಹಲಗೆಯಲ್ಲಿ ಉಲ್ಟಾ ಆಗುತ್ತದೆ.

ಪದರ ಒಂದೇ ಸಾಕ್ಷಿ ಆಗಿದ್ದರೆ, ಕೆಳಗಿನ ಪದರ ಬಳಿದವರೂ ತಪ್ಪಿರಬಹುದಲ್ಲ ಅನ್ನಬಹುದು. ಅದಕ್ಕೂ ಉತ್ತರ ಮರದಲ್ಲೇ ಸಿಕ್ಕಿತು. ಎಡ ಮೇಲಿನ ಚೌಕದಲ್ಲಿ ಬಣ್ಣ ಪೂರ್ತಿ ಉದುರಿದ ಕಡೆ ಮೇಲಿಂದ ಕೆಳಕ್ಕೆ ಸಣ್ಣ ಗೆರೆಗಳು ಕಂಡವು. ಹಲಗೆ ನಿಂತಿರುವುದರಿಂದ ಮರದ ಎಳೆಯೂ ಮೇಲಿಂದ ಕೆಳಕ್ಕೇ ಹೋಗುತ್ತದೆ, ಹಾಗಾಗಿ ಮೊದಲು ಎಳೆ ಅಂತಲೇ ಕಾಣುತ್ತದೆ. ದೀಪ ಆರಿಸಿ, ಟಾರ್ಚನ್ನು ಹಲಗೆಯ ಮಟ್ಟಕ್ಕೆ ಪಕ್ಕದಿಂದ ಹಿಡಿದೆ. ಎಳೆ ಅಲ್ಲಲ್ಲಿ ಬಾಗುತ್ತದೆ, ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಬಿಡಿಯಾಗಿ ಇರುತ್ತದೆ. ಈ ಗೆರೆಗಳು ಹಾಗಿಲ್ಲ. ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ, 4 ಮಿ.ಮೀ.ಗೆ ಒಂದು, ನಡುವಿನ ಅಡ್ಡ ಗೀರಿಗೆ ಬಂದು ಟಕ್ಕಂತ ನಿಲ್ಲುತ್ತವೆ. ಅಡ್ಡ ಗೀರು ದಾಟಿದ ಮೇಲೆ ಇಲ್ಲ. ಬಲ ಕೆಳಗಿನ ಚೌಕದಲ್ಲಿ ಮತ್ತೆ ಇವೆ. ಉಳಿದ ಎರಡು ಚೌಕ ನುಣ್ಣಗೆ.

ಇದು ಬಣ್ಣ ಇಲ್ಲದೆ ಬಣ್ಣ ಹೇಳುವ ಕ್ರಮ. ಅಚ್ಚಿನಲ್ಲಿ, ಮುದ್ರೆಯಲ್ಲಿ, ಕಲ್ಲಿನಲ್ಲಿ ಬಣ್ಣ ತೋರಿಸುವ ಹಾಗಿಲ್ಲವಲ್ಲ. ಅದಕ್ಕೆ ನಿಂತ ಗೆರೆ ಅಂದರೆ ಕೆಂಪು, ಮಲಗಿದ ಗೆರೆ ಅಂದರೆ ನೀಲಿ, ಚುಕ್ಕೆ ಅಂದರೆ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. ಇಟಲಿಯ ಜೆಸುಯಿಟ್ ಪಾದ್ರಿ ಸಿಲ್ವೆಸ್ಟ್ರೋ ಪಿಯೆತ್ರಾ ಸಾಂತಾ 1638ರ ತನ್ನ ಪುಸ್ತಕದಲ್ಲಿ ಬಳಸಿದ ಮೇಲೆ ಈ ಕ್ರಮ ಯುರೋಪಿನಲ್ಲೆಲ್ಲ ಹರಡಿತು. ಈ ಹಲಗೆ ಕೆತ್ತಿದವರಿಗೆ ಅದು ಗೊತ್ತಿತ್ತು. ಬಣ್ಣ ಹೋದರೂ ಇರಲಿ ಅಂತ ಉಳಿಯಿಂದ ಗೀರಿಟ್ಟಿದ್ದಾರೆ. ಕೆಂಪು ಎಡ ಮೇಲೆ, ಬಲ ಕೆಳಗೆ. ಮುಗೀತು.

ಯಜಮಾನರಿಗೆ ಟಾರ್ಚ್ ಬೆಳಕಿನ ಫೋಟೊ ಕಳಿಸಿದೆ. ತಿರುಗಿಸಿಯೇ ಬಳಿಯಿರಿ ಅಂದರು.

ಬೆಳ್ಳಿ ಅಂದರೆ ಬಿಳಿ

ಚೌಕಗಳ ಗಡಿ ಹೊಸದಾಗಿ ಎಳೆಯಲಿಲ್ಲ. ಗುರಾಣಿಯ ಎತ್ತರ 36 ಸೆಂ.ಮೀ., ಅಡ್ಡ ಗೀರು ಮೇಲಿಂದ 17ಕ್ಕೆ ಇದೆ, ಸರಿ ಅರ್ಧಕ್ಕಲ್ಲ. ಗುರಾಣಿ ಕೆಳಗೆ ಕಿರಿದಾಗುತ್ತದೆ. ಸರಿ ಅರ್ಧಕ್ಕೆ ಎಳೆದರೆ ಕೆಳಗಿನ ಎರಡು ಚೌಕ ಬಡಕಲಾಗಿ ಕಾಣುತ್ತವೆ. ಕೆತ್ತಿದವರ ಕಣ್ಣು ಚೆನ್ನಾಗಿತ್ತು. ಉದ್ದ ಗೀರು ನಡುವಿನ ಹಲಗೆಯ ಮಧ್ಯಕ್ಕೆ ಬರುವಂತೆಯೂ ಇಟ್ಟಿದ್ದಾರೆ. ಐದು ಹಲಗೆ ಇದ್ದದ್ದಕ್ಕೆ ಅದು ಸಾಧ್ಯ. ಸಂದಿನ ಮೇಲೆ ಬಂದಿದ್ದರೆ ಮರ ಹಿಗ್ಗಿದಾಗಲೆಲ್ಲ ಗಡಿ ಬಾಯಿ ಬಿಡುತ್ತಿತ್ತು.

ಬೆಳ್ಳಿಯ ಬಗ್ಗೆ ಚರ್ಚೆ ನಡೆಯಿತು. ಲಾಂಛನದಲ್ಲಿ ಬೆಳ್ಳಿ ಮತ್ತು ಬಿಳಿ ಒಂದೇ, ಯಾವುದನ್ನು ಬಳಸಿದರೂ ತಪ್ಪಿಲ್ಲ. ಯಜಮಾನರಿಗೆ ನಿಜವಾದ ಬೆಳ್ಳಿ ರೇಕು ಹಾಕಿಸುವ ಆಸೆ. ನಾನು ಬೇಡ ಅಂದೆ. ಕಾರಣ ಅವರ ತೋಟದಲ್ಲೇ ಇತ್ತು: ಗಂಧಕ. ದ್ರಾಕ್ಷಿಗೆ ಬರುವ ಬೂದಿ ರೋಗ ವಿಜಯಪುರದ ಬೆಳೆಗಾರರಿಗೂ ಗೊತ್ತು. ಯುರೋಪಿನಲ್ಲಿ 1845ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಕಂಡು, ಕೆಲವೇ ವರ್ಷಗಳಲ್ಲಿ ತೋಟ ತೋಟಕ್ಕೆ ಹಬ್ಬಿತು. ಮದ್ದು ಅವತ್ತೂ ಗಂಧಕ, ಇವತ್ತೂ ಗಂಧಕ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪಾಗುತ್ತದೆ. ಗೇಟಿನಿಂದ ತೋಟಕ್ಕೆ ಕೂಗಳತೆ. ಬೆಳ್ಳಿ ಎಷ್ಟು ದಿನ ಬೆಳ್ಳಗಿರುತ್ತೆ? ಹಳೆಯ ಸೀಸದ ಬಿಳಿ ಬೂದಿ ಬಣ್ಣಕ್ಕೆ ತಿರುಗುವುದಕ್ಕೂ ಗಂಧಕ ಸೇರಿದ ಗಾಳಿಯೇ ಸಾಕು. ವಾದ ಗೆದ್ದೆ, ಬಿಳಿ ಬಣ್ಣ ಅಂತಾಯಿತು.

ಬಿಳಿ ಕಂದಾಗಿದ್ದು ಏಕೆ ಅಂತಲೂ ಹೇಳಬೇಕು. ಇತ್ತೀಚಿನ ಬಿಳಿ ನೀರಿನ ಅಕ್ರಿಲಿಕ್. ಅದನ್ನು ಪ್ರೈಮರ್ ಇಲ್ಲದೆ, ಹಳೆ ಬಣ್ಣ ಉದುರಿದ ಕಡೆ ನೇರ ಓಕ್ ಮೇಲೆಯೇ ಬಳಿದಿದ್ದರು. ಬಣ್ಣದ ನೀರು ಮರದ ಟ್ಯಾನಿನ್ ಕರಗಿಸಿ ಮೇಲಕ್ಕೆ ಎಳೆದುಕೊಂಡಿದೆ. ಆಮೇಲೆ ಬಿದ್ದ ಮಳೆಯೆಲ್ಲ ಅದೇ ಕೆಲಸ ಮುಂದುವರಿಸಿದೆ. ಓಕ್‌ಗೆ ಬಿಳಿ ಬಳಿಯುವವರು ನೆನಪಿಡಿ: ಮೊದಲು ಟ್ಯಾನಿನ್ ತಡೆಯುವ ಪ್ರೈಮರ್, ಹೊರಾಂಗಣಕ್ಕೆ ಅಂತ ಬರೆದಿರುವುದು. ನಾನು ಎಣ್ಣೆ ಮೂಲದ ಪ್ರೈಮರ್ ತೆಳುವಾಗಿ ಕೊಟ್ಟು, ಮೇಲೆ ಅಗಸೆ ಎಣ್ಣೆಯ ಬಣ್ಣ ಬಳಿದೆ. ಟೈಟಾನಿಯಂ ಬಿಳಿ, ಬೂಷ್ಟು ಹಿಡಿಯದಿರಲಿ ಅಂತ ಸ್ವಲ್ಪ ಜಿಂಕ್ ಬಿಳಿ.

ಅಗಸೆ ಎಣ್ಣೆಯ ಬಿಳಿ ಕತ್ತಲ ಕೋಣೆಯಲ್ಲಿ ಒಣಗಿದರೆ ಹಳದಿಯಾಗಿ ಕಾಣುತ್ತದೆ. ಗಾಬರಿ ಬೇಡ, ಬಿಸಿಲಿಗೆ ಇಟ್ಟರೆ ಮತ್ತೆ ಬಿಳಿಯಾಗುತ್ತದೆ. ಪದರ ತೆಳುವಾಗಿರಬೇಕು, ಬ್ರಷ್‌ನಿಂದ ಉಜ್ಜಿ ಉಜ್ಜಿ ಹರಡಬೇಕು. ದಪ್ಪ ಬಳಿದರೆ ಮೇಲೆ ಸುಕ್ಕು, ಒಳಗೆ ಹಸಿ. ಒಂದು ಪದರ ಒಣಗಲು ದಿನಗಟ್ಟಲೆ ಬೇಕು, ತಾಳ್ಮೆ ಇಲ್ಲದವರು ಈ ಬಣ್ಣದ ಹತ್ತಿರ ಬರಬಾರದು. ಇನ್ನೊಂದು ಮುಖ್ಯ ಮಾತು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಕೆಂಪು ಬೇಗ ಮುಗಿಯಿತು. ಕಬ್ಬಿಣದ ಕೆಂಪು ಅಗ್ಗ, ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಇಟ್ಟಿಗೆ ಬಣ್ಣ. ದೂರದಿಂದ ನೋಡಿದರೆ ಮಂಕು. ಅಡಿಗೆ ಅದನ್ನು ಬಳಿದು, ಮೇಲೆ ಪಿರೋಲ್ ಕೆಂಪು ಕೊಟ್ಟೆ. ಅದು ಬಿಸಿಲಿಗೆ ಮಾಸುವುದು ಬಹಳ ನಿಧಾನ, ಬಣ್ಣವೂ ಖಡಕ್ಕಾಗಿದೆ. ಗೀರುಗಳು ಬಣ್ಣದಲ್ಲಿ ಮುಚ್ಚಿಹೋಗದಂತೆ ಒಣ ಬ್ರಷ್‌ನಿಂದ ಗೀರಿನ ಉದ್ದಕ್ಕೇ ಎಳೆದೆ. ಈಗ ಓರೆ ಬಿಸಿಲು ಬಿದ್ದಾಗ ಕೆಂಪಿನಲ್ಲಿ ಗೆರೆ ಕಾಣುತ್ತವೆ.

ಗುರಾಣಿಯ ಕೆಳತುದಿಯಲ್ಲಿ ಬೆರಳಗಲ ಜಾಗವನ್ನು ಹಾಗೇ ಬಿಟ್ಟಿದ್ದೇನೆ. ಅಲ್ಲಿ ಹಳೆಯ ಪದರಗಳೆಲ್ಲ ಮೆಟ್ಟಿಲಾಗಿ ಕಾಣುತ್ತವೆ, ಮೇಲೆ ಪಾರದರ್ಶಕ ವಾರ್ನಿಷ್ ಮಾತ್ರ. ಮುಂದೆ ಯಾರಾದರೂ ಬಳಿಯುವಾಗ ಮತ್ತೆ ಇಡೀ ಗುರಾಣಿ ಕೆರೆಯುವುದು ತಪ್ಪಲಿ.

ಗೊಂಚಲಿಗೆ ಚಿನ್ನ

ಗೊಂಚಲು ಕಪ್ಪಾಗಲು ಕಾರಣ ಚಿನ್ನದ ಬಣ್ಣ ಅಂತ ಮಾರುವ ಹಿತ್ತಾಳೆ ಪುಡಿ. ಒಂದೆರಡು ಚಳಿಗಾಲ ಹೊಳೆದು ಆಮೇಲೆ ಕಂದಾಗಿ, ಹಸಿರಾಗಿ, ಕಪ್ಪಾಗುತ್ತದೆ. ಇಲ್ಲಿ ನಿಜವಾದ ಚಿನ್ನದ ರೇಕು ಹಾಕೋಣ ಅಂದೆ. ಬೆಳ್ಳಿ ಬೇಡ ಅಂದವರು ಚಿನ್ನ ಅಂತೀರಲ್ಲ ಅಂತ ಯಜಮಾನರು ನಕ್ಕರು. ಲೆಕ್ಕ ಹೇಳಿದ ಮೇಲೆ ಒಪ್ಪಿದರು. ಚಿನ್ನಕ್ಕೆ ಗಂಧಕದ ಹೆದರಿಕೆ ಇಲ್ಲ. ರೇಕಿನ ದಪ್ಪ ಒಂದು ಮಿ.ಮೀ.ನ ಹತ್ತು ಸಾವಿರದ ಒಂದು ಪಾಲಿನ ಆಸುಪಾಸು, ಹಾಗಾಗಿ ಅಂಗೈಯಗಲದ ಗೊಂಚಲಿಗೆ ಹೋಗುವ ಚಿನ್ನ ಬಹಳ ಕಡಿಮೆ. ಫ್ರಾಂಕೋನಿಯಾದಲ್ಲೇ ನ್ಯೂರೆಂಬರ್ಗ್ ಪಕ್ಕ ಶ್ವಾಬಾಖ್ ಅನ್ನುವ ಊರಿದೆ. ನೂರಾರು ವರ್ಷದಿಂದ ಚಿನ್ನ ಬಡಿದು ರೇಕು ಮಾಡುವುದೇ ಅಲ್ಲಿನ ಕಸುಬು. 80 ಮಿ.ಮೀ. ಚೌಕದ 25 ರೇಕುಗಳ ಒಂದು ಪುಸ್ತಕ ಕೊಂಡೆ, 23 ಕ್ಯಾರೆಟ್‌ಗಿಂತ ಮೇಲಿನದು. ಹೊರಗಡೆಗೆ ಅದಕ್ಕಿಂತ ಕಡಿಮೆ ತೆಗೆದುಕೊಳ್ಳಬಾರದು, ಬೆರಕೆ ಲೋಹ ಬಣ್ಣಗೆಡುತ್ತದೆ.

ಕೆತ್ತನೆಗೆ ಬಿಡಿ ರೇಕೇ ಬೇಕು. ಕಾಗದಕ್ಕೆ ಅಂಟಿಸಿ ಬರುವ ರೇಕು ಸಮತಟ್ಟು ಅಕ್ಷರಕ್ಕೆ ಚೆನ್ನ, ದ್ರಾಕ್ಷಿ ಹಣ್ಣುಗಳ ನಡುವಿನ ಕುಳಿಗೆ ಇಳಿಯುವುದಿಲ್ಲ. ಮೊದಲು ಹಳದಿ ಎಣ್ಣೆ ಬಣ್ಣ ಬಳಿದು ಒಣಗಿಸಿ, ಮೇಲೆ 12 ಗಂಟೆಯಲ್ಲಿ ಹದಕ್ಕೆ ಬರುವ ಎಣ್ಣೆ ಅಂಟನ್ನು ಕೂದಲೆಳೆಯಷ್ಟು ತೆಳುವಾಗಿ ಹಚ್ಚಿದೆ. ಬೆರಳ ಗೆಣ್ಣು ತಾಗಿಸಿದರೆ ಸಣ್ಣಗೆ ಕಿರ್ರ್ ಅನ್ನಬೇಕು, ಅಂಟಬಾರದು. ಆಗ ಕಿಟಕಿ ಬಾಗಿಲು ಎಲ್ಲ ಮುಚ್ಚಿ ರೇಕು ಇಡುವುದು. ಉಸಿರು ಬಿಟ್ಟರೂ ಹಾರುತ್ತದೆ. ಕುಳಿಗಳಲ್ಲಿ ಹರಿದ ಕಡೆ ಚೂರುಗಳನ್ನು ಮೆತ್ತನೆ ಬ್ರಷ್‌ನಿಂದ ಒತ್ತಿ ಕೂರಿಸಿದೆ. ಮೇಲೆ ವಾರ್ನಿಷ್ ಹಾಕಲಿಲ್ಲ. ವಾರ್ನಿಷ್ ಮೊದಲು ಹಾಳಾಗುತ್ತದೆ, ಹಾಳಾಗುವಾಗ ಚಿನ್ನವನ್ನೂ ಎಬ್ಬಿಸಿಕೊಂಡು ಹೋಗುತ್ತದೆ.

ಗೊಂಚಲು ಗುರಾಣಿಯ ಹೊರಗಿದೆ, ಅದು ಲಾಂಛನದ ಭಾಗವಲ್ಲ. ಹಾಗಾಗಿ ಅದಕ್ಕೆ ಯಾವ ಬಣ್ಣ ಹಾಕಿದರೂ ನಿಯಮ ಅಡ್ಡ ಬರುವುದಿಲ್ಲ. ಸಿಲ್ವಾನರ್ ಹಸಿರಲ್ವಾ ಅಂತ ಊರವರು ಕೇಳಿದರೆ ಅದು ಯಜಮಾನರ ತಲೆನೋವು.

ಮತ್ತೆ ಗೇಟಿಗೆ

ಹಿಂದೆ ಪೈನ್ ಬದಲು ಎರಡು ಓಕ್ ಪಟ್ಟಿ. ನಡುವಿನ ಹಲಗೆಗೆ ಮಾತ್ರ ಸ್ಕ್ರೂ ಬಿಗಿ. ಉಳಿದ ನಾಲ್ಕಕ್ಕೆ ಪಟ್ಟಿಯಲ್ಲಿ ಅಡ್ಡಲಾಗಿ ಉದ್ದನೆ ತೂತು, ವಾಷರ್ ಹಾಕಿ, ಸ್ಕ್ರೂ ಕೈಯಲ್ಲೇ ಜಾರುವಷ್ಟು ಸಡಿಲ. ಎಲ್ಲವೂ ಸ್ಟೇನ್‌ಲೆಸ್ ಸ್ಟೀಲ್. ಗೋಡೆಗೂ ಹಲಗೆಗೂ 2 ಸೆಂ.ಮೀ. ಅಂತರ ಬಿಟ್ಟಿದ್ದೇನೆ, ಹಿಂದೆ ಗಾಳಿ ಆಡಬೇಕು. ಮೇಲಿನ ಅಂಚಿನಲ್ಲಿ ಮರದ ಎಳೆಯ ತುದಿಗಳು ಆಕಾಶ ನೋಡುತ್ತವೆ, ಮಳೆ ನೀರು ಕುಡಿಯುವುದು ಅಲ್ಲಿಂದಲೇ. ಅದಕ್ಕೆ ಬಾಗಿಸಿದ ತಾಮ್ರದ ತಗಡು, ನೀರು ಗುರಾಣಿಯ ಮೇಲೆ ಇಳಿಯದಂತೆ ಮುಂದಕ್ಕೆ ಬೆರಳಗಲ ಚಾಚಿದೆ.

ಮೊದಲ ಬೇಸಿಗೆ ಕಳೆದ ಮೇಲೆ ಸ್ಕ್ರೂಗಳನ್ನು ಒಮ್ಮೆ ನೋಡಲು ಯಜಮಾನರಿಗೆ ಹೇಳಿದ್ದೇನೆ. ಬಿಗಿಯಾಗಿದ್ದರೆ ಕಾಲು ಸುತ್ತು ಸಡಿಲಿಸಬೇಕು, ಇನ್ನೂ ಬಿಗಿಯಬಾರದು. ಬಣ್ಣ ಕೈಗೆ ಸುಣ್ಣದಂತೆ ಹತ್ತಲು ಶುರುವಾದಾಗ ಗುರಾಣಿಗೆ ಮಾತ್ರ ಬಿಸಿ ಅಗಸೆ ಎಣ್ಣೆ ತೆಳುವಾಗಿ ಒರೆಸಬೇಕು, ಗೊಂಚಲನ್ನು ಮುಟ್ಟಬಾರದು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು, ಜೊತೆಗೆ ಕೆಂಪು ಯಾವ ಚೌಕಕ್ಕೆ ಅಂತ ಚಿತ್ರವನ್ನೂ ಹಾಕಿ, ಪ್ಲಾಸ್ಟಿಕ್ ಕವರಲ್ಲಿ ಹಲಗೆಯ ಹಿಂದಿನ ಪಟ್ಟಿಗೆ ಪಿನ್ ಹೊಡೆದಿದ್ದೇನೆ. ಪಿನ್ನೂ ಸ್ಟೇನ್‌ಲೆಸ್ಸೇ.